ಕಥೆ ಆಮೇಲೆ, ಮೊದಲು ಕೈಗೆ ಕೆಲಸ

ವಿಡಿಯೊ ಗೇಮ್ ಮಾಡುತ್ತೇನೆಂದು ಹೊರಟವರನ್ನು ‘ಏನು ಐಡಿಯಾ?’ ಎಂದು ಕೇಳಿ ನೋಡಿ. ಹೆಚ್ಚಿನವರು ಕಥೆ ಹೇಳಲು ಕೂರುತ್ತಾರೆ: ಮುಳುಗಿದ ನಗರ, ಅನಾಥ ವೀರ, ಅವನ ಅಜ್ಜನ ಕತ್ತಿ. ‘ಸರಿ, ಆಡುವವರು ಏನು ಮಾಡಬೇಕು?’ ಎಂದರೆ ಉತ್ತರ ತಡವರಿಸುತ್ತದೆ. ಸಿನಿಮಾಕ್ಕಾದರೆ ಅಷ್ಟು ಸಾಕಿತ್ತು. ಗೇಮ್ ಮಾಡುವವರಿಗೆ ಕೆಲವು ಸೂತ್ರಗಳು ಇಲ್ಲಿವೆ.

1. ಕೈಗೆ ಏನು ಕೆಲಸ ಎಂಬುದನ್ನು ಮೊದಲು ಗೊತ್ತುಮಾಡಿ

ಹಾರುವುದೋ, ನೂಕುವುದೋ, ಬಚ್ಚಿಡುವುದೋ, ಮುದ್ರೆ ಒತ್ತುವುದೋ? 2013ರಲ್ಲಿ ಬಂದ ‘ಪೇಪರ್ಸ್, ಪ್ಲೀಸ್’ ಗೇಮಿನಲ್ಲಿ ನೀವು ಗಡಿಠಾಣೆಯ ಗುಮಾಸ್ತ. ಸಾಲಿನಲ್ಲಿ ಬಂದವರ ಪಾಸ್‌ಪೋರ್ಟ್ ನೋಡಬೇಕು, ಫೋಟೊ ತಾಳೆ ಹಾಕಬೇಕು, ಒಳಗೆ ಬಿಡಬೇಕು ಇಲ್ಲವೇ ವಾಪಸ್ ಕಳಿಸಬೇಕು. ಎಷ್ಟು ಜನರ ಕಾಗದ ನೋಡಿದಿರೋ ಅಷ್ಟೇ ಸಂಬಳ; ಮನೆಯಲ್ಲಿ ಊಟಕ್ಕೂ ಚಳಿ ಕಾಯಿಸುವುದಕ್ಕೂ ಅದೇ ದುಡ್ಡು. ಕಾಗದ ಸರಿಯಿಲ್ಲದ ಹೆಂಗಸೊಬ್ಬಳು ಗೋಗರೆದಾಗ ಕೈಯಲ್ಲಿರುವ ಮುದ್ರೆ ಭಾರವಾಗುತ್ತದೆ. ಇದನ್ನು ಮಾಡಿದ ಲೂಕಸ್ ಪೋಪ್‌ಗೆ ಇದು ಹೊಳೆದದ್ದು ವಿಮಾನ ನಿಲ್ದಾಣಗಳಲ್ಲಿ ತನ್ನದೇ ಪಾಸ್‌ಪೋರ್ಟ್ ತೋರಿಸುತ್ತ ಓಡಾಡುವಾಗ. ಕತ್ತಿಯೂ ಇಲ್ಲ, ವೀರನೂ ಇಲ್ಲ. ಕಥೆಯೆಲ್ಲ ಆ ಮುದ್ರೆಯಿಂದಲೇ ಹುಟ್ಟುತ್ತದೆ.

ಚಿತ್ರದಿಂದ ಹುಟ್ಟಿದ ಗೇಮ್‌ಗಳು ಇಲ್ಲವೆಂದಲ್ಲ. ‘ಆಂಗ್ರಿ ಬರ್ಡ್ಸ್’ ಶುರುವಾದದ್ದು ಸಿಟ್ಟುಮೋರೆಯ ಹಕ್ಕಿಗಳ ಒಂದು ಚಿತ್ರದಿಂದ. ಆದರೆ ಜನ ಅದಕ್ಕೆ ಅಂಟಿಕೊಂಡದ್ದು ಕವಣೆ ಎಳೆದು ಬಿಡುವ ಮಜಕ್ಕೆ.

2. ಗೇಮ್ ಬಿಟ್ಟು ಬೇರೆಯದನ್ನೂ ನೋಡಿ

ಬರೀ ಗೇಮ್ ಆಡಿಕೊಂಡಿದ್ದವರಿಗೆ ಗೇಮ್‌ಗಳ ನಕಲೇ ಹೊಳೆಯುತ್ತದೆ. ಗೇಮ್ ವಿನ್ಯಾಸಕ ಶಿಗೆರು ಮಿಯಮೊಟೊ ತೋಟದಲ್ಲಿ ಇರುವೆಗಳ ಸಾಲನ್ನು ನೋಡುತ್ತ ಕೂತದ್ದು 2001ರ ‘ಪಿಕ್ಮಿನ್’ ಆಯಿತು. ಸತೊಶಿ ತಜಿರಿ ಹುಡುಗನಾಗಿದ್ದಾಗ ಹುಳು ಹಿಡಿಯುವ ಹುಚ್ಚಿನವರು. ಎರಡು ಗೇಮ್‌ಬಾಯ್‌ಗಳನ್ನು (ಕೈಯಲ್ಲಿ ಹಿಡಿದು ಆಡುವ ಯಂತ್ರಗಳನ್ನು) ಜೋಡಿಸುವ ಕೇಬಲ್ ಕಂಡಾಗ ಅವರ ಕಣ್ಣಿಗೆ ಬಂದದ್ದು ಅದರೊಳಗೆ ಹರಿದುಹೋಗುವ ಹುಳು. ಹಿಡಿ, ಕೂಡಿಡು, ಗೆಳೆಯನ ಜೊತೆ ಬದಲಾಯಿಸಿಕೋ: ಅವರ 1996ರ ‘ಪೋಕೆಮಾನ್’ ನಿಂತಿರುವುದು ಇದರ ಮೇಲೆ.

3. ಹಳೆಯ ಆಟವನ್ನು ಬಿಚ್ಚಿ ಜೋಡಿಸಿ

ಪ್ರೋಗ್ರಾಮರ್ ಅಲೆಕ್ಸಿ ಪಜಿಟ್ನೊವ್‌ಗೆ ಐದೈದು ಚೌಕಗಳ ತುಂಡು ಜೋಡಿಸುವ ಒಗಟು ಇಷ್ಟವಾಗಿತ್ತು. 1984ರಲ್ಲಿ, ಮಾಸ್ಕೊದಲ್ಲಿ, ಅದನ್ನು ನಾಲ್ಕು ಚೌಕಕ್ಕೆ ಇಳಿಸಿದರು. ಉಳಿದದ್ದು ಏಳೇ ಆಕಾರ. ತುಂಡುಗಳನ್ನು ಮೇಲಿನಿಂದ ಬೀಳಿಸಿದರೆ ಪರದೆ ಕ್ಷಣದಲ್ಲಿ ತುಂಬಿಹೋಗುತ್ತಿತ್ತು. ಹಾಗಾಗಿ ತುಂಬಿದ ಸಾಲು ಮಾಯವಾಗಬೇಕೆಂಬ ನಿಯಮ ಬಂತು. ‘ಟೆಟ್ರಿಸ್’ ಅಂದರೆ ಇಷ್ಟೇ. ಅವರ ಬಳಿಯಿದ್ದ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಇರಲಿಲ್ಲ. ತುಂಡುಗಳನ್ನು ಆವರಣ ಚಿಹ್ನೆಗಳಿಂದ ಮೂಡಿಸಿದ್ದರು.

ನಮ್ಮಲ್ಲಿ ಇಂಥ ಸರಕಿಗೆ ಬರವಿಲ್ಲ. ಹಳೆಯ ದೇಗುಲಗಳ ಚಪ್ಪಡಿಗಳ ಮೇಲೆ ಇಂದಿಗೂ ಗೀಟು ಕಾಣುವ ಆಡು-ಹುಲಿ ಆಟವನ್ನೇ ತೆಗೆದುಕೊಳ್ಳಿ. ಊರಿಗೊಂದು ಲೆಕ್ಕವಿದ್ದರೂ ಸಾಮಾನ್ಯವಾಗಿ ಹುಲಿ 3, ಆಡು 15. ಹುಲಿ ಜಿಗಿದು ಆಡನ್ನು ತಿನ್ನುತ್ತದೆ. ಆಡು ಯಾರನ್ನೂ ತಿನ್ನಲಾರದು, ಸುತ್ತುಗಟ್ಟಿ ಹುಲಿಯನ್ನು ಕದಲದಂತೆ ಮಾಡಬಹುದಷ್ಟೇ. ಇಬ್ಬರದೂ ಒಂದೇ ಮನೆ, ಆದರೆ ಆಡುವ ಬಗೆಯೇ ಬೇರೆ. ಇದರಲ್ಲಿ ಒಂದು ನಿಯಮ ಬದಲಿಸಿ: ಹುಲಿ ಮೂರು ನಡೆಯಲ್ಲಿ ಒಮ್ಮೆಯೂ ತಿನ್ನದಿದ್ದರೆ ಹಸಿವಿನಿಂದ ಸಾಯಲಿ. ಅಥವಾ ಹುಲಿ ಎಲ್ಲಿದೆ ಎಂಬುದು ಆಡಿಗೆ ಕಾಣದಿರಲಿ. ನಿಮ್ಮ ಕೈಗೆ ಬೇರೆಯೇ ಗೇಮ್ ಬಂತು. ಪುರಾಣದ ಪಾತ್ರಗಳನ್ನು ತಂದು ವಿದೇಶಿ ಗೇಮಿನ ಮೇಲೆ ಅಂಟಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು ಎಂಬುದು ನನ್ನ ಅಭಿಪ್ರಾಯ.

4. ‘ಇಲ್ಲ’ ಎಂಬುದನ್ನು ಬಳಸಿಕೊಳ್ಳಿ

ಗೇಮ್ ಕಂಪನಿ ನಿಂಟೆಂಡೊಗೆ 1981ರಲ್ಲಿ ತನ್ನ ಗೇಮಿಗೆ ಬೇಕಿದ್ದ ಪಾಪೈ ಎಂಬ ಕಾರ್ಟೂನ್ ಪಾತ್ರದ ಹಕ್ಕು ಸಿಗಲಿಲ್ಲ. ಅದರ ಜಾಗಕ್ಕೆ ಮಾರಿಯೊ ಬಂದ. ಬೆರಳೆಣಿಕೆಯ ಚುಕ್ಕಿಗಳಲ್ಲಿ ಬಾಯಿ ಬಿಡಿಸಲಾಗದು, ಅದಕ್ಕೆ ಮೀಸೆ. ಕೂದಲು ಹಾರಿಸುವುದು ಕಷ್ಟ, ಅದಕ್ಕೆ ಟೋಪಿ.

5. ದೋಷವನ್ನು ಅಳಿಸುವ ಮುಂಚೆ ಒಮ್ಮೆ ಆಡಿ

1978ರ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವು ಜೋರಾಗಿ ಓಡುತ್ತಿದ್ದವು. ಬಿಡಿಸಬೇಕಾದ ಚಿತ್ರಗಳು ಕಡಿಮೆಯಾದ್ದರಿಂದ ಚಿಪ್‌ನ ಹೊರೆ ತಗ್ಗುತ್ತಿತ್ತು, ಅಷ್ಟೇ. ಗೇಮ್ ರೂಪಿಸಿದ ತೊಮೊಹಿರೊ ನಿಶಿಕಡೊ ಅದನ್ನು ಸರಿಪಡಿಸದೆ ಹಾಗೇ ಉಳಿಸಿದರು. ಕೊನೆಯ ಶತ್ರುವನ್ನು ಹೊಡೆಯುವಾಗ ಎದೆ ಹೊಡೆದುಕೊಳ್ಳುವುದು ಆ ದೋಷದಿಂದಲೇ.

6. ಒಂದು ವಾರದ ಗಡುವು ಹಾಕಿಕೊಳ್ಳಿ

2005ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಒಂದು ಶಿಸ್ತು ಹಾಕಿಕೊಂಡರು: ಒಬ್ಬೊಬ್ಬರೇ, ಏಳು ದಿನಕ್ಕೊಂದು ಗೇಮ್. ಒಂದೇ ಸೆಮಿಸ್ಟರ್‌ನಲ್ಲಿ 50ಕ್ಕೂ ಹೆಚ್ಚು ಗೇಮ್ ತಯಾರಾದವು. ಬಹುಪಾಲನ್ನು ಇಂದು ಯಾರೂ ನೆನೆಯುವುದಿಲ್ಲ. ಆದರೆ ಅದರಲ್ಲೊಂದು, ಅಂಟುಂಡೆಗಳನ್ನು ಪೇರಿಸಿ ಗೋಪುರ ಕಟ್ಟುವುದು, 2008ರಲ್ಲಿ ‘ವರ್ಲ್ಡ್ ಆಫ್ ಗೂ’ ಆಗಿ ಬೆಳೆಯಿತು. ವಾರದಲ್ಲಿ ಆಡುವಂತಾಗದ ಐಡಿಯಾ ದೊಡ್ಡದಾಗಿರಬಹುದು. ಮೊದಲ ಗೇಮಿಗೆ ಮಾತ್ರ ಅದು ಬೇಡ.

7. ಕೋಡ್‌ಗೆ ಮುಂಚೆ ಕಾಗದ

ನೋಟ್‌ಬುಕ್ಕಿನ ಹಾಳೆ, ಹುಣಸೆಬೀಜ, ಎರಡು ದಾಳ ಸಾಕು. ನಿಯಮ ಕುಂಟುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ.

8. ಆಡಲು ಕೊಟ್ಟು ಬಾಯಿ ಮುಚ್ಚಿಕೊಳ್ಳಿ

ಪಕ್ಕದ ಮನೆಯ ಹುಡುಗಿಗೋ ಚಿಕ್ಕಪ್ಪನಿಗೋ ಫೋನ್ ಕೊಡಿ. ಏನೂ ಹೇಳಬೇಡಿ. ಹೆಬ್ಬೆರಳು ಎಲ್ಲಿ ಗಾಳಿಯಲ್ಲಿ ನಿಂತಿತು, ಯಾವ ಗುಂಡಿಯನ್ನು ಸುಮ್ಮಸುಮ್ಮನೆ ಒತ್ತಿದರು, ಸೋತಾಗ ಮತ್ತೆ ಆಡಿದರೋ ಫೋನ್ ವಾಪಸ್ ಕೊಟ್ಟರೋ, ಬರೆದುಕೊಳ್ಳಿ. ‘ಅಯ್ಯೋ, ಅಲ್ಲಿ ಒತ್ತು ಮಾರಾಯ್ತಿ’ ಎಂದು ನಾಲಿಗೆ ತುದಿಗೆ ಬಂದರೆ ತಪ್ಪು ನಿಮ್ಮ ಗೇಮಿನದು. ‘ಚೆನ್ನಾಗಿದೆ ಕಣೋ’ ಎಂಬ ಮಾತಿಗೆ ಬೆಲೆ ಕೊಡಬೇಡಿ, ನೆಂಟರು ಹಾಗೆ ಹೇಳಿಯೇ ಹೇಳುತ್ತಾರೆ. ‘ಇನ್ನೊಂದ್ಸಲ’ ಎಂದರೆ ನಂಬಿ.

9. ಕದ್ದಾರೆಂಬ ಭಯ ಬಿಡಿ

2014ರಲ್ಲಿ, ವರ್ಷಕ್ಕೂ ಮಿಕ್ಕಿ ತಿದ್ದಿ ತೀಡಿದ ‘ತ್ರೀಸ್’ ಬಂದ ಕೆಲವೇ ವಾರಗಳಲ್ಲಿ ಅದೇ ಬಗೆಯ ‘2048’ ಪುಕ್ಕಟೆಯಾಗಿ ಬಂದು ಜಗತ್ತೆಲ್ಲ ಹಬ್ಬಿತು. ಬಿಡುಗಡೆಯಾದ ಮೇಲೆ ಯಾವ ಗುಟ್ಟೂ ಗುಟ್ಟಲ್ಲ. ಐಡಿಯಾಕ್ಕೆ ಕಾಪಿರೈಟ್ ಕೂಡ ಸಿಗುವುದಿಲ್ಲ. ಕೋಡ್, ಚಿತ್ರ, ಸಂಗೀತಕ್ಕೆ ಸಿಗುತ್ತದೆ. ಮುಚ್ಚಿಟ್ಟರೆ ನಿಮಗೆ ಸಿಗಬೇಕಾದ ಸಲಹೆ ತಪ್ಪುತ್ತದೆ, ಅಷ್ಟೇ.

10. ಶುರು ಮಾಡಿ

ಗೇಮ್ ಕಟ್ಟಲು ಬಳಸುವ ಗೋಡೋ ಎಂಜಿನ್ ಪೂರ್ತಿ ಉಚಿತ. ಪ್ರತಿ ಜನವರಿಯಲ್ಲಿ ಗೇಮ್ ಮಾಡುವವರ ಕೂಟವಾದ ಗ್ಲೋಬಲ್ ಗೇಮ್ ಜಾಮ್ ನಡೆಯುತ್ತದೆ, ಅಲ್ಲಿ ಹೊಸಬರಿಗೂ ಜಾಗವಿದೆ. ಅಲ್ಲಿಯವರೆಗೆ ಕಾಯಬೇಕೆಂದೇನಿಲ್ಲ. ಈ ಭಾನುವಾರ ಆಡು-ಹುಲಿಯ ಮನೆ ಗೀಚಿ, ಒಂದು ನಿಯಮ ಬದಲಿಸಿ, ಯಾರನ್ನಾದರೂ ಆಟಕ್ಕೆ ಕರೆಯಿರಿ.