ಆರೋಗ್ಯ ಪ್ರಶ್ನೋತ್ತರ: ಮೆಡಿಕಲ್ ಶಾಪಿನ ಮಾತ್ರೆ

ಪ್ರಶ್ನೆ: ನನಗೆ 27 ವರ್ಷ. ಸದ್ಯಕ್ಕೆ ಮಗು ಬೇಡ. ಯಜಮಾನರು ಮೆಡಿಕಲ್ ಶಾಪಿನಿಂದ 72 ಗಂಟೆಯ ಮಾತ್ರೆ ತಂದುಕೊಡುತ್ತಾರೆ. ಕಳೆದ ತಿಂಗಳು ಮೂರು ಸಲ ನುಂಗಿದೆ. ಈಗ ಮುಟ್ಟು ಹತ್ತು ದಿನ ತಡವಾಗಿದೆ. ಗರ್ಭಕೋಶ ಒಣಗಿಹೋಗುತ್ತದೆ ಎಂದು ಅತ್ತಿಗೆ ಹೆದರಿಸುತ್ತಾರೆ.
– ಓದುಗರು, ಹಾಸನ

ಉತ್ತರ: ಒಣಗಲು ಗರ್ಭಕೋಶವೇನು ಕೊಬ್ಬರಿಯೇ? ಈ ಮಾತ್ರೆಯಿಂದ ಬಂಜೆತನ ಬರುವುದಿಲ್ಲ. ಅತ್ತಿಗೆಯವರಿಗೂ ಇದನ್ನು ಓದಿ ಹೇಳಿ. ನನಗೆ ಸಿಟ್ಟು ಬರುವುದು ಬೇರೆಯದಕ್ಕೆ. 2005ರಿಂದ ಇದು ಚೀಟಿ ಇಲ್ಲದೆ ಸಿಗುತ್ತಿದೆ, ಸಿಗಲಿ. ಆದರೆ ಇದು ಕಾಂಡೋಮ್ ಹರಿದಾಗ, ಏನೋ ಎಡವಟ್ಟಾದಾಗ ನುಂಗುವಂಥದ್ದು. ಅಂಡ ಬಿಡುಗಡೆಯಾಗುವುದನ್ನು ಮುಂದೂಡುತ್ತದೆ, ಅಷ್ಟೇ. ಇದನ್ನೇ ನಂಬಿ ಸಂಸಾರ ಮಾಡಿದರೆ ದಿನದ ಮಾತ್ರೆಗಿಂತ ಹೆಚ್ಚು ಸಲ ಕೈಕೊಡುತ್ತದೆ, ಮುಟ್ಟಿನ ಲೆಕ್ಕವೂ ತಪ್ಪುತ್ತದೆ.

ಹಾಗೆಂದು ಮಾತ್ರೆಯಿಂದಲೇ ತಡವಾಗಿದೆ ಎಂದುಕೊಂಡು ಕೂರಬೇಡಿ. ನಾಳೆ ಬೆಳಗಿನ ಮೊದಲ ಮೂತ್ರದಲ್ಲಿ ಕಾರ್ಡ್ ಟೆಸ್ಟ್ ಮಾಡಿ. ನೆಗೆಟಿವ್ ಬಂದರೆ ವಾರ ಬಿಟ್ಟು ಮತ್ತೊಮ್ಮೆ. ಆಗಲೂ ನೆಗೆಟಿವ್ ಆದರೆ ಬಿಪಿ ನೋಡಿಸಿ ದಿನದ ಮಾತ್ರೆ ಶುರುಮಾಡಿ. ಪಾಸಿಟಿವ್ ಬಂದರೆ ಸ್ಕ್ಯಾನಿಂಗ್ ಆಗಲೇಬೇಕು. ಅದಕ್ಕೆ ಮೊದಲು ಯಜಮಾನರು ಅದೇ ಅಂಗಡಿಯಿಂದ ಗರ್ಭ ತೆಗೆಯುವ ಕಿಟ್ ತಂದರೆ ಮುಟ್ಟಬೇಡಿ. ಗರ್ಭ ನಾಳದಲ್ಲಿ ಕೂತಿದ್ದರೆ ಆ ಮಾತ್ರೆ ನಾಟುವುದಿಲ್ಲ. ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿಕೊಂಡು ಬರುವವರನ್ನು ನೋಡಿ ನೋಡಿ ಹೇಳುತ್ತಿದ್ದೇನೆ. ಒಂದೇ ಕಡೆ ಕಿಬ್ಬೊಟ್ಟೆ ನೋವು, ತಲೆಸುತ್ತು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮಗಳು ಮ್ಯಾಂಚೆಸ್ಟರಿನಲ್ಲಿದ್ದಾಳೆ. ಡಾಕ್ಟರನ್ನು ಕಾಣದೆ ಔಷಧಿ ಅಂಗಡಿಯಲ್ಲೇ ಗರ್ಭನಿರೋಧಕ ಮಾತ್ರೆ ಶುರುಮಾಡಿದ್ದಾಳಂತೆ. ಸರಿಯೇ?
– ತಾಯಿ, ಮೈಸೂರು

ಉತ್ತರ: ಸರಿಯೇ. ಇಂಗ್ಲೆಂಡಿನಲ್ಲಿ 2023ರ ಡಿಸೆಂಬರಿನಿಂದ ಫಾರ್ಮಸಿಸ್ಟರೇ ಮಾತ್ರೆ ಶುರುಮಾಡಿಸಬಹುದು. ಬಿಪಿ, ತೂಕ ನೋಡಿ, ಸಿಗರೇಟು, ಮೈಗ್ರೇನು, ಹಿಂದೆ ರಕ್ತ ಹೆಪ್ಪುಗಟ್ಟಿದ್ದು ಎಲ್ಲ ಕೇಳಿ ಕೊಡುತ್ತಾರೆ. ನಮ್ಮಲ್ಲಿ ಪೇಪರಿನಲ್ಲಿ ಸುತ್ತಿ ಕೊಡುವ ಹುಡುಗ ‘ಚಿಲ್ಲರೆ ಇದೆಯಾ’ ಎಂದಷ್ಟೇ ಕೇಳುತ್ತಾನೆ. ಕಣ್ಣ ಮುಂದೆ ಮಿಂಚು ಹೊಡೆದಂತಾಗಿ ತಲೆನೋವು ಬರುತ್ತದೆಯೇ ಎಂದು ಮಗಳನ್ನು ಕೇಳಿ. ಬರುತ್ತಿದ್ದರೆ ಅಲ್ಲಿ ಮುಚ್ಚಿಡದೆ ಹೇಳಲಿ. ಈಸ್ಟ್ರೋಜನ್ ಇರುವ ಮಾತ್ರೆ ಅವಳಿಗಾಗದು.

ಪ್ರಶ್ನೆ: ಮಗುವಿಗೆ ಮೂರು ತಿಂಗಳು, ಎದೆಹಾಲು ಕೊಡುತ್ತಿದ್ದೇನೆ. ಮಾಲಾ-ಡಿ ನುಂಗಬಹುದೇ?

ಉತ್ತರ: ಈಗ ಬೇಡ, ಮಗುವಿಗೆ ಆರು ತಿಂಗಳು ತುಂಬಲಿ. ಛಾಯಾ ಮಾತ್ರೆಯೋ ಕಾಪರ್-ಟಿಯೋ ಆಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಛಾಯಾ ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಶುರುಮಾಡುವ ಮುಂಚೆ ಕಾರ್ಡ್ ಟೆಸ್ಟ್ ಮಾಡಿಸಿ. ಬಾಣಂತಿಗೆ ಮುಟ್ಟು ಬರದಿದ್ದರೂ ಬಸಿರು ನಿಲ್ಲಬಹುದು.