ತಳದ ತಗಡಿನ ಲೆಕ್ಕ

ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ನಮ್ಮ ಹರಪನಹಳ್ಳಿ ತಾಲ್ಲೂಕಿನ ಡಾಂಬರು ರಸ್ತೆಗಳು ಅರ್ಧ ಕಣವಾಗುತ್ತವೆ. ಒಣಹಾಕಿದ ಕಾಳಿನ ಮೇಲೆ ಗಾಡಿ ಹತ್ತದಿರಲಿ ಎಂದು ಅಂಚಿಗೆ ಸಾಲಾಗಿ ಕಲ್ಲು ಇಡುತ್ತಾರೆ. ಕಾಳು ಚೀಲ ಸೇರುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಕಣ ಮಾಡಲು ಬೇರೆ ಜಾಗವಿಲ್ಲದ ರೈತನನ್ನು ನಾನು ದೂರಲಾರೆ. ಆದರೆ ರಾತ್ರಿ ಹೊತ್ತು ಎದುರು ಬರುವ ಲಾರಿಯ ದೀಪ ಕಣ್ಣಿಗೆ ಹೊಡೆದಾಗ ಆ ಕಲ್ಲು ಕಾಣುವುದಿಲ್ಲ. ಮುಂದಿನ ಚಕ್ರ ಹತ್ತಿ ಇಳಿಯುತ್ತದೆ. ಇಳಿಯುವಾಗ ಸಸ್ಪೆನ್ಷನ್ ಕುಗ್ಗಿ ಇಂಜಿನ್ನಿನ ತಳ ಅದೇ ಕಲ್ಲಿಗೆ ಬಡಿಯುತ್ತದೆ.

ಉಚ್ಚಂಗಿದುರ್ಗದ ಸುತ್ತ ಇದೊಂದೇ ಅಪಾಯವಲ್ಲ. ಪಾಂಡ್ಯ ಅರಸರು ಆಳಿದ ಈ ಬೆಟ್ಟದ ಬುಡದಲ್ಲಿ ಮಸಾರಿ ನೆಲದಿಂದ ಬಂಡೆ ಎಲ್ಲೆಂದರಲ್ಲಿ ತಲೆ ಎತ್ತಿದೆ, ಹೊಲದ ದಾರಿಯ ನಡುವೆಯೂ. ಭರತ ಹುಣ್ಣಿಮೆಗೆ ಉಚ್ಚಂಗೆಮ್ಮನ ಜಾತ್ರೆಗೆ ಟ್ರ್ಯಾಕ್ಟರು, ಗಾಡಿಗಳು ಸಾಲುಗಟ್ಟಿದಾಗ ಬೈಕಿನವರು ಮಗ್ಗುಲ ಗರಸಿಗೆ ಇಳಿಯಲೇಬೇಕು. ಹಿಮಾಲಯನ್, ಎಕ್ಸ್‌ಪಲ್ಸ್‌ನಂಥ ಎತ್ತರದ ಬೈಕುಗಳು ನಮ್ಮ ಕಡೆ ಹೆಚ್ಚಾಗಿರುವುದಕ್ಕೆ ಲಡಾಖ್ ಆಸೆಗಿಂತ ಇಂಥ ದಾರಿಗಳೇ ಕಾರಣವೆಂದು ನನ್ನ ಅನಿಸಿಕೆ. ಎಕ್ಸ್‌ಪಲ್ಸ್ 200 ಮತ್ತು ಹಿಮಾಲಯನ್ 411 ಎರಡರ ತಳವೂ ನೆಲದಿಂದ 220 ಮಿ.ಮೀ. ಎತ್ತರದಲ್ಲಿದೆ. ಅದು ಬೈಕು ಸುಮ್ಮನೆ ನಿಂತಾಗಿನ ಅಳತೆ. ಇಬ್ಬರು ಕೂತು, ಹಿಂದೊಂದು ಗೊಬ್ಬರದ ಚೀಲ ಕಟ್ಟಿ, ಗುಂಡಿಗೆ ಇಳಿದಾಗ ಅದರಲ್ಲಿ ಎಷ್ಟು ಉಳಿದೀತು?

ಹಾಗಾಗಿ ಇಂಜಿನ್ನಿನ ಕೆಳಗೆ ಹಾಕುವ ಬ್ಯಾಶ್ ಪ್ಲೇಟ್ ಕೊಳ್ಳಬೇಕೇ, ಯಾವುದು ಕೊಳ್ಳಬೇಕು ಎಂದು ಕೇಳುವವರು ನನ್ನ ಬಳಿ ಬರುತ್ತಲೇ ಇರುತ್ತಾರೆ. ಬಂದವರೆಲ್ಲ ಮೊದಲು ದಪ್ಪ ಕೇಳುತ್ತಾರೆ, ಬೆಲೆ ಕೇಳುತ್ತಾರೆ. ನಾನು ಮೊದಲು ಅವರ ಇನ್ಶೂರೆನ್ಸ್ ಪಾಲಿಸಿ ತೆಗೆಸಿ ನೋಡುತ್ತೇನೆ. ಪಾಲಿಸಿ ಕೈಬಿಡುವ ಜಾಗ ಎಷ್ಟು ದೊಡ್ಡದೋ ಅಷ್ಟರ ಮಟ್ಟಿಗೆ ಪ್ಲೇಟಿಗೆ ಬೆಲೆ.

ನಮ್ಮ ಸಂಬಂಧಿಕ ಹುಡುಗನೊಬ್ಬನಿಗೆ ಕೊಟ್ಟೂರಿನ ದಾರಿಯಲ್ಲಿ ಇಂಥದೇ ಕಲ್ಲು ತಗುಲಿತು. ಆಯಿಲ್ ಇಳಿಸುವ ಬೋಲ್ಟಿನ ಸುತ್ತ ಕ್ರ್ಯಾಂಕ್‌ಕೇಸ್ ಸೀಳಿತು. ಸದ್ದು ಕೇಳಿದರೂ ನಿಲ್ಲಿಸದೆ ಊರು ಮುಟ್ಟಿಬಿಡೋಣ ಎಂದು ಓಡಿಸಿದ. ಇಂಜಿನ್ನಿನಲ್ಲಿರುವುದೇ ಎರಡು ಲೀಟರಿನ ಆಸುಪಾಸು ಆಯಿಲ್. ಅದು ಸೋರಿ ಖಾಲಿಯಾಗಿ, ಒಣ ಇಂಜಿನ್ ಬಿಸಿಯಾಗಿ ಕಚ್ಚಿಕೊಂಡಿತು. ಸರ್ವೇಯರ್ ಬಂದು ಸೀಳಿದ ಕೇಸಿಗೆ ಒಪ್ಪಿದರು. ಪಿಸ್ಟನ್ನು, ಬೋರು, ಕ್ರ್ಯಾಂಕು ಕೆಟ್ಟಿದ್ದು ಆಯಿಲ್ ಇಲ್ಲದೆ ಓಡಿಸಿದ್ದರಿಂದ, ಕಲ್ಲಿನಿಂದಲ್ಲ ಎಂದು ಅದನ್ನು ಬಿಟ್ಟರು. ಹುಡುಗನಿಗೆ ಸಿಟ್ಟು ಬಂತು, ಆದರೆ ಪಾಲಿಸಿಯಲ್ಲಿ ಇರುವುದೇ ಹಾಗೆ. ಅಪಘಾತದಿಂದ ನೇರವಾಗಿ ಆದ ನಷ್ಟಕ್ಕೆ ಹಣ, ಅದರ ಬೆನ್ನಿಗೆ ಬಂದ ನಷ್ಟಕ್ಕೆ ಇಲ್ಲ. ಎರಡನೆಯದೂ ಬೇಕಿದ್ದರೆ ಇಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ರಕ್ಷಣೆಗೆ ಬೇರೆ ಹಣ ಕಟ್ಟಬೇಕು. ಹಳೆಯ ಬೈಕಿಗೆ ಅದನ್ನು ಕೊಡಲು ಕಂಪನಿಗಳು ಸಾಮಾನ್ಯವಾಗಿ ಹಿಂದೆಗೆಯುತ್ತವೆ. ತಳಕ್ಕೆ ಜೋರಾಗಿ ಬಡಿದ ಸದ್ದು ಬಂದರೆ ಇಂಜಿನ್ ಆಫ್ ಮಾಡಿ, ಇಳಿದು, ಬಗ್ಗಿ ನೋಡಿ. ಹನಿ ಕಂಡರೆ ಟಾಟಾ ಏಸ್ ಕರೆಸಿ ಬೈಕು ಏರಿಸಿ. ಆ ಬಾಡಿಗೆ ಎಷ್ಟಾದರೂ ಅಗ್ಗವೇ.

ಈಗ ಪಾಲಿಸಿ ಒಪ್ಪುವ ಭಾಗದ ಲೆಕ್ಕ ನೋಡಿ. ನನ್ನ ಹಿಮಾಲಯನ್ 411ಕ್ಕೆ ಐದು ವರ್ಷ ದಾಟಿದೆ. ಐದರಿಂದ ಹತ್ತು ವರ್ಷದ ಬೈಕಿನ ಲೋಹದ ಬಿಡಿಭಾಗಗಳಿಗೆ ಸವಕಳಿ ಎಂದು 40% ಕಳೆಯುತ್ತಾರೆ. ರಬ್ಬರು, ಪ್ಲಾಸ್ಟಿಕ್ಕಿಗೆ 50%. ಕೇಸು ಒಡೆದು ಬಿಡಿಭಾಗಗಳ ಬಿಲ್ಲು ₹20,000 ಆಯಿತೆಂದು ಇಟ್ಟುಕೊಳ್ಳಿ. ಅದರಲ್ಲಿ ₹8,000 ನನ್ನ ಜೇಬಿನಿಂದ. ಹೊಸ ಆಯಿಲಿನ ಹಣವೂ ನನ್ನದೇ. ಕ್ಲೇಮ್ ಮಾಡಿದ ವರ್ಷ ನೋ ಕ್ಲೇಮ್ ಬೋನಸ್ ಸೊನ್ನೆಗೆ ಇಳಿಯುತ್ತದೆ. 50% ತಲುಪಿದ್ದವನು ಮತ್ತೆ 20, 25, 35, 45 ಎಂದು ಮೆಟ್ಟಿಲು ಹತ್ತಬೇಕು. ಸ್ವಂತ ಹಾನಿಯ ಪ್ರೀಮಿಯಂ ವರ್ಷಕ್ಕೆ ₹1,500 ಎಂದರೆ, ಹಳೆಯ ಮಟ್ಟ ಮುಟ್ಟುವ ಹೊತ್ತಿಗೆ ಕಳೆದುಕೊಂಡ ರಿಯಾಯಿತಿಯೆಲ್ಲ ಕೂಡಿ ₹1,875. ಅಂದರೆ ಪಾಲಿಸಿ ಇದ್ದೂ ಹತ್ತಿರ ಹತ್ತಿರ ಹತ್ತು ಸಾವಿರ ಹೋಗುತ್ತದೆ. ಬೈಕು ಶೆಡ್ಡಿನಲ್ಲಿ ನಿಂತ ದಿನಗಳಿಗೆ ಯಾರೂ ಏನೂ ಕೊಡುವುದಿಲ್ಲ. ಬಿತ್ತನೆ ಹೊತ್ತಿನಲ್ಲಿ ಅದು ನಿಂತರೆ ಆ ನಷ್ಟವೇ ದೊಡ್ಡದು.

ಬಿಲ್ಲಿನಲ್ಲಿ ಬಾರದ ತಾಪತ್ರಯ ಇನ್ನೊಂದಿದೆ. ಬೈಕಿನ ಇಂಜಿನ್ ನಂಬರ್ ಇರುವುದು ಕ್ರ್ಯಾಂಕ್‌ಕೇಸಿನ ಮೇಲೆಯೇ. ನಂಬರಿರುವ ಭಾಗ ಬದಲಾದರೆ ಆರ್‌ಟಿಒ ಕಚೇರಿಗೆ ಕಾಗದ ಹಿಡಿದು ಹೋಗಬೇಕು. ನಮ್ಮ ಭಾಗದ ನೋಂದಣಿ ಕೆಎ 35, ಕಚೇರಿ ಹೊಸಪೇಟೆಯಲ್ಲಿ. ಉಚ್ಚಂಗಿದುರ್ಗದವನಿಗೆ ದಾವಣಗೆರೆ ಹತ್ತಿರ, ಹೊಸಪೇಟೆ ದೂರ. 1997ರಿಂದ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಸೇರಿತ್ತು. ಆಮೇಲೆ ಮರಳಿ ಬಳ್ಳಾರಿಗೆ ಹೋಗಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಹೀಗೆ ಮರಳಿದ್ದರಿಂದ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಸೌಲಭ್ಯ ದಕ್ಕಿದ್ದು ನಮ್ಮ ಮಕ್ಕಳಿಗೆ ದೊಡ್ಡ ಲಾಭ, ಅದರಲ್ಲಿ ಎರಡು ಮಾತಿಲ್ಲ. ಕಚೇರಿ ಕೆಲಸಕ್ಕೆ ಮಾತ್ರ ಒಂದು ದಿನದ ದುಡಿಮೆ ಬಿಡಬೇಕು.

ಅಲ್ಯೂಮಿನಿಯಂ ಪ್ಲೇಟುಗಳು ಮೂರು ಸಾವಿರದಿಂದ ಎಂಟು ಸಾವಿರದವರೆಗೆ ಸಿಗುತ್ತವೆ. ಮೇಲಿನ ಲೆಕ್ಕದ ಪಕ್ಕದಲ್ಲಿಟ್ಟರೆ, ಬೈಕಿನ ಆಯುಷ್ಯದಲ್ಲಿ ಒಂದೇ ಒಂದು ಏಟು ತಡೆದರೂ ಹಣ ಹಿಂದೆ ಬಂದಂತೆ. ಥರ್ಡ್ ಪಾರ್ಟಿ ಮಾತ್ರ ಇರುವ ಬೈಕಿಗಾದರೆ ಇಪ್ಪತ್ತು ಸಾವಿರವೂ ಮಾಲೀಕನದೇ, ಕೂಲಿಯೂ ಅವನದೇ. ಹಾಗೆಂದು ಎಲ್ಲರಿಗೂ ಬೇಕೆಂದು ನಾನು ಹೇಳುವುದಿಲ್ಲ. ಹಗಲಲ್ಲಿ ಮಾತ್ರ ಡಾಂಬರಿನ ಮೇಲೆ ಹರಪನಹಳ್ಳಿಗೂ ದಾವಣಗೆರೆಗೂ ಓಡಾಡುವವರಿಗೆ ಕಂಪನಿಯೇ ಹಾಕಿ ಕೊಟ್ಟ ತಗಡು ಸಾಕು. ಚಂದಕ್ಕೆಂದು ಐದು ಸಾವಿರ ಹಾಕಬೇಡಿ.

ಬೇಕಾದವರು ದಪ್ಪಕ್ಕಿಂತ ಮೊದಲು ನೋಡಬೇಕಾದ್ದು ಪ್ಲೇಟು ಯಾವುದಕ್ಕೆ ಕಚ್ಚಿಕೊಂಡಿದೆ ಎಂಬುದನ್ನು. ಹಿಮಾಲಯನ್ 411ರಲ್ಲಿ ಚಾಸಿಯ ಕೊಳವೆಗಳು ಇಂಜಿನ್ನಿನ ಕೆಳಗೆ ಹಾದುಹೋಗುತ್ತವೆ. ಪ್ಲೇಟು ಆ ಕೊಳವೆಗಳಿಗೆ ಕೂತರೆ ಏಟಿನ ಭಾರ ಚಾಸಿಗೆ ಹೋಗುತ್ತದೆ, ಕೇಸಿಗೆ ತಾಗುವುದಿಲ್ಲ. ಕೆಟಿಎಂ 390 ಅಡ್ವೆಂಚರ್, ಹಿಮಾಲಯನ್ 450ರಲ್ಲಿ ಇಂಜಿನ್ನೇ ಚಾಸಿಯ ಒಂದು ಅಂಗ. ಕೆಳಗೆ ಕೊಳವೆ ಇಲ್ಲ. ಅಲ್ಲಿ ಪ್ಲೇಟನ್ನು ಇಂಜಿನ್ನಿಗೇ ಬಿಗಿಯುವುದರಿಂದ, ಬಿಗಿದ ಜಾಗದಲ್ಲಿ ರಬ್ಬರ್ ಬುಷ್ ಇರಬೇಕು, ಪ್ಲೇಟಿಗೂ ಕೇಸಿಗೂ ನಡುವೆ ಬೆರಳು ತೂರುವಷ್ಟು ಸಂದು ಇರಬೇಕು. ಕೇಸಿಗೆ ಅಂಟಿಕೊಂಡ ಐದು ಮಿ.ಮೀ. ಪ್ಲೇಟು ಏಟನ್ನು ಇದ್ದ ಹಾಗೆ ಒಳಕ್ಕೆ ದಾಟಿಸುತ್ತದೆ. ಅಂಥದ್ದಕ್ಕಿಂತ ಸಂದು ಬಿಟ್ಟು ಕೂರಿಸಿದ ಮೂರು ಮಿ.ಮೀ. ವಾಸಿ.

ಅಲ್ಯೂಮಿನಿಯಮ್ಮೋ ಕಬ್ಬಿಣವೋ? ಒಂದೂಕಾಲು ಅಡಿ ಉದ್ದ, ಒಂದಡಿ ಅಗಲದ ತುಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. 4 ಮಿ.ಮೀ. ಅಲ್ಯೂಮಿನಿಯಂ ಆದರೆ ಸುಮಾರು ಒಂದೂಕಾಲು ಕೆ.ಜಿ., 3 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಶೀಟಾದರೆ ಎರಡೂಮುಕ್ಕಾಲು. ಬಾಗದಿರುವ ಗುಣದಲ್ಲಿ ಎರಡೂ ಹತ್ತಿರ ಹತ್ತಿರ, ಕಬ್ಬಿಣ ತುಸು ಮೇಲು. ಆದರೆ 2 ಮಿ.ಮೀ. ಶೀಟು ಅಲ್ಯೂಮಿನಿಯಮ್ಮಿಗಿಂತ ಭಾರವೂ ಹೌದು, ಅದಕ್ಕಿಂತ ಬೇಗ ಬಾಗುವುದೂ ಹೌದು. ‘ಎರಡು ಎಂಎಂ ಸಾಕ್ರಿ ಸರ್’ ಎಂದು ವೆಲ್ಡಿಂಗ್ ಅಂಗಡಿಯವರು ಹೇಳಿದರೆ ಒಪ್ಪಬೇಡಿ. ಮೆತ್ತಗಿನ ಅಲ್ಯೂಮಿನಿಯಂ ಬಂಡೆಗೆ ಉಜ್ಜಿದಾಗ ಗೀರಿ ಕಚ್ಚಿಕೊಳ್ಳುತ್ತದೆ, ಕಬ್ಬಿಣ ಜಾರುತ್ತದೆ. ಸೀಳಿದರೆ ಅಲ್ಯೂಮಿನಿಯಮ್ಮಿಗೆ ಆರ್ಗಾನ್ ವೆಲ್ಡಿಂಗ್ ಬೇಕು, ನಮಗೆ ಅದು ದಾವಣಗೆರೆಯ ಮಾತು. ಕಬ್ಬಿಣವನ್ನಾದರೆ ಟ್ರೇಲರ್ ಕಟ್ಟುವ ಯಾವ ಅಂಗಡಿಯಲ್ಲೂ ಬಡಿದು ನೇರ ಮಾಡಿ ಕೊಡುತ್ತಾರೆ.

ನಾನು ಆರಿಸಿದ್ದು ಹರಪನಹಳ್ಳಿಯಲ್ಲಿ ಮಾಡಿಸಿದ 3 ಮಿ.ಮೀ. ಎಂಎಸ್ ಶೀಟು, ಕೊಳವೆಗೆ ಕ್ಲಾಂಪಿನಲ್ಲಿ ಬಿಗಿದದ್ದು. ಸುಮಾರು 200 ಕೆ.ಜಿ. ತೂಗುವ ಬೈಕಿಗೆ ಅಲ್ಯೂಮಿನಿಯಮ್ಮಿಗಿಂತ ಒಂದೂವರೆ ಕೆ.ಜಿ. ಹೆಚ್ಚಾದರೆ ತೊಂದರೆಯಿಲ್ಲ. ಶೀಟಿನ ಬೆಲೆ ಅಲ್ಪ, ಹಣವೆಲ್ಲ ಬಾಗಿಸುವ, ಕೊರೆಯುವ ಕೂಲಿಗೆ. ಆ ಕೂಲಿಯಲ್ಲಿ ನಾನು ಚೌಕಾಸಿ ಮಾಡಲಿಲ್ಲ. ಆಯಿಲ್ ಬೋಲ್ಟಿನ ನೇರಕ್ಕೆ ಸ್ಪ್ಯಾನರ್ ಹೋಗುವಷ್ಟು ತೂತು ಮಾಡಿಸಿದೆ, ಪ್ರತಿ ಸಲ ಆಯಿಲ್ ಬದಲಿಸುವಾಗ ಪ್ಲೇಟು ಬಿಚ್ಚುವ ಕೂಲಿ ಉಳಿಯುತ್ತದೆ. ಹಡಗಲಿ, ಮೈಲಾರದ ಕಡೆಯ ಎರೆ ಮಣ್ಣು ಪ್ಲೇಟಿನೊಳಗೆ ಮೆತ್ತಿ ಒಣಗಿದರೆ ಗಾಳಿಯಿಂದ ತಣಿಯುವ ಇಂಜಿನ್ನಿಗೆ ಕಂಬಳಿ ಹೊದಿಸಿದಂತೆ, ಅದಕ್ಕೆಂದು ಹಿಂಭಾಗದಲ್ಲಿ ನೀರು ಹೊಡೆದು ತೊಳೆಯಲು ಸಂದುಗಳಿವೆ. ಬೋಲ್ಟಿನ ತಲೆ ಶೀಟಿನೊಳಗೆ ಅಡಗಿರಬೇಕು. ಹೊರಗೆ ಚಾಚಿದ್ದರೆ ಕಲ್ಲಿಗೆ ಸವೆದು, ಆಮೇಲೆ ಯಾವ ಕೀಲಿಗೂ ಸಿಗುವುದಿಲ್ಲ. ಚಾಸಿಗೆ ವೆಲ್ಡಿಂಗ್ ಮಾಡಿಸುವುದನ್ನು ಮಾತ್ರ ಯಾರೂ ಒಪ್ಪಬೇಡಿ. ಬೆಸುಗೆಯ ಶಾಖಕ್ಕೆ ಕೊಳವೆಯ ಬಲ ಕುಂದುತ್ತದೆ, ಮುಂದೆ ಕ್ಲೇಮಿನ ಹೊತ್ತಿಗೆ ವಾದಕ್ಕೂ ದಾರಿಯಾಗುತ್ತದೆ.

ಎಕ್ಸ್‌ಪಲ್ಸ್, ಕೆಟಿಎಂನವರಿಗೆ ನನ್ನ ಸಲಹೆ ಬೇರೆ. ಹಗುರ ಬೈಕು, ಇಂಜಿನ್ನಿನಲ್ಲೇ ಬಿಗಿಯುವ ಜಾಗ. ಅಂದಾಜಿನ ಕೆಲಸ ಅಲ್ಲಿ ನಡೆಯದು. ಆ ಮಾಡೆಲ್ಲಿಗೆಂದೇ ಅಚ್ಚಿನಲ್ಲಿ ಮಾಡಿದ ಅಲ್ಯೂಮಿನಿಯಂ ಪ್ಲೇಟನ್ನೇ ಕೊಳ್ಳಿ, ಜಿಎಸ್‌ಟಿ ಬಿಲ್ಲು ಕೇಳಿ ಪಡೆಯಿರಿ. ಆ ಬಿಲ್ಲು ಕೊಟ್ಟು ಪಾಲಿಸಿಯಲ್ಲಿ ಹೆಚ್ಚುವರಿ ಬಿಡಿಭಾಗವೆಂದು ಬರೆಸದಿದ್ದರೆ, ಕೆಟ್ಟಾಗ ಪ್ಲೇಟಿನ ಹಣ ಸಿಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕಿಗೆ ಜಿಎಸ್‌ಟಿ 40%, ಅದರೊಳಗಿನದಕ್ಕೆ 18% ಆದ ಮೇಲೆ ಹಳೆಯ 411ಗಳನ್ನು ಕೇಳುವವರು ನನಗೆ ಹೆಚ್ಚು ಸಿಗುತ್ತಿದ್ದಾರೆ. ಹಳೆಯದು ಕೊಳ್ಳುವಾಗ ಪ್ಲೇಟು ಬಿಚ್ಚಿಸಿ ಒಳಗಿನ ಕೇಸು ನೋಡಿ. ಹೊಳೆಯುವ ಹೊಸ ಪ್ಲೇಟಿನ ಹಿಂದೆ ಎಂ-ಸೀಲ್ ಮೆತ್ತಿದ ಬಿರುಕು ಇದ್ದೀತು. ಮಾರುವವನ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಅವನ ಜೊತೆಗೇ ಹೋಗುತ್ತದೆ ಎಂಬುದೂ ನೆನಪಿರಲಿ.

ಕೈಯಲ್ಲಿ ಐದು ಸಾವಿರ ಮಾತ್ರ ಇದೆ, ಬೈಕಿಗೆ ಥರ್ಡ್ ಪಾರ್ಟಿ ಬಿಟ್ಟು ಬೇರೆ ಪಾಲಿಸಿ ಇಲ್ಲ, ಯಾವುದು ಮೊದಲು ಎಂದು ಹಗರಿಬೊಮ್ಮನಹಳ್ಳಿಯ ಗೆಳೆಯರೊಬ್ಬರು ಕೇಳಿದರು. ಸ್ವಂತ ಹಾನಿಯ ಪಾಲಿಸಿ ಮೊದಲು ಮಾಡಿಸಿ ಎಂದೆ. ಪ್ಲೇಟು ಕೇಸನ್ನು ಕಾಯುತ್ತದೆ. ಕಳವಾದರೆ, ಸುಟ್ಟರೆ ಲಕ್ಷದ ಬೈಕೇ ಹೋಗುತ್ತದೆ. ನಡುವೆ ಪಾಲಿಸಿ ತಪ್ಪಿರುವುದರಿಂದ ಕಂಪನಿಯವರು ಬೈಕನ್ನು ಪರೀಕ್ಷೆ ಮಾಡಿ ಫೋಟೊ ತೆಗೆದುಕೊಳ್ಳುತ್ತಾರೆ, ಅದಕ್ಕೆ ತಳವನ್ನೂ ತೊಳೆದು ತೋರಿಸಿ ಎಂದೆ. ಉಳಿದ ಹಣಕ್ಕೆ ಮುಂದಿನ ತಿಂಗಳಿನದು ಸೇರಿಸಿ, ಮೆಕ್ಕೆಜೋಳ ರಸ್ತೆಗೆ ಬರುವ ಮುಂಚೆ ಅವರು ಪ್ಲೇಟು ಹಾಕಿಸಿಕೊಂಡರು.