ಫೈಲಿಗೂ ಒಂದು ವಿಳಾಸ

ಕಾಗದ ಹಾಕುವಾಗ ಬರೀ ಹೆಸರು ಬರೆದರೆ ಸಾಕಾ? ಮನೆ, ಬೀದಿ, ಊರು, ಜಿಲ್ಲೆ ಎಲ್ಲ ಬೇಕು. ಕಂಪ್ಯೂಟರಿನ ಫೈಲಿಗೂ ಹೀಗೇ ವಿಳಾಸವಿದೆ. ಅದಕ್ಕೆ ‘ಪಾಥ್’ ಅಂದರೆ ದಾರಿ ಎನ್ನುತ್ತಾರೆ. ಫೈಲು ಯಾವ ಫೋಲ್ಡರಿನೊಳಗೆ ಇದೆ ಎಂದು ಅದು ಹೇಳುತ್ತದೆ.

ದಾರಿಯ ಹೆಸರುಗಳ ನಡುವೆ ಓರೆ ಗೆರೆ ಹಾಕಬೇಕು. ಲಿನಕ್ಸಿನಲ್ಲಿ / , ವಿಂಡೋಸಿನಲ್ಲಿ ಸಾಮಾನ್ಯವಾಗಿ \ . ತೊಂದರೆ ಶುರುವಾಗೋದೇ ಇಲ್ಲಿ. ಪೈಥಾನ್ ಭಾಷೆಯಲ್ಲಿ ಬರೆಯುವ ಪದದೊಳಗೆ \ ಆದ ಮೇಲೆ ಇಂಗ್ಲಿಷಿನ ಸಣ್ಣ ‘ಎನ್’ ಬಂದರೆ ‘ಹೊಸ ಸಾಲು’ ಎಂದರ್ಥ. ‘ಡಿ:\ನೀರು’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ‘ಡಿ:’ ಒಂದು ಸಾಲು, ‘ಈರು’ ಇನ್ನೊಂದು ಸಾಲು ಆಗುತ್ತದೆ. ಫೈಲು ಸಿಗೋದಿಲ್ಲ!

ವಿಳಾಸವನ್ನು ಬರೀ ಅಕ್ಷರಗಳ ಸಾಲು ಎಂದುಕೊಂಡದ್ದೇ ಇದಕ್ಕೆ ಕಾರಣ. ಅದಕ್ಕೇ 2014ರಲ್ಲಿ ಬಂದ ಪೈಥಾನ್ 3.4ರಲ್ಲಿ ‘ಪಾಥ್‌ಲಿಬ್’ ಸೇರಿಸಿದರು. ಅದರಲ್ಲಿ ‘ಪಾಥ್’ ಎಂಬುದು ಬೇರೆಯೇ ಒಂದು ಜಾತಿಯ ಮಾಹಿತಿ. ಸಂಖ್ಯೆಗಳ ನಡುವೆ ಭಾಗಿಸುವ / ಗುರುತು ಇಲ್ಲಿ ಜೋಡಿಸುತ್ತದೆ:

ಪಾಥ್("ಶಾಲೆ") / "ನೀರು" / "ಮಳೆ.ಟಿಎಕ್ಸ್‌ಟಿ"

ಯಾವ ಕಂಪ್ಯೂಟರಿಗೆ ಯಾವ ಗೆರೆ ಬೇಕೋ ಅದನ್ನು ಪೈಥಾನೇ ನೋಡಿಕೊಳ್ಳುತ್ತದೆ. ‘.ನೇಮ್’ ಎಂದರೆ ಫೈಲಿನ ಹೆಸರು, ‘.ಸಫಿಕ್ಸ್’ ಎಂದರೆ ಹೆಸರಿನ ಬಾಲ, ‘.ಪೇರೆಂಟ್’ ಎಂದರೆ ಅದು ಇರುವ ಫೋಲ್ಡರು. (ಟೈಪ್ ಮಾಡುವಾಗ ಈ ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ.)

ಇನ್ನೊಂದು ಎಚ್ಚರಿಕೆ. ದಿನಾ ಮಳೆ ಲೆಕ್ಕ ಸೇರಿಸುವ ಪ್ರೋಗ್ರಾಂ ಒಂದನ್ನು ನಾನು ಮಾಡಿದ್ದೆ. ಫೈಲಿನ ಹೆಸರು ಮಾತ್ರ ಕೊಟ್ಟಿದ್ದೆ. ಒಂದು ದಿನ ಬೇರೆ ಫೋಲ್ಡರಿನಲ್ಲಿ ನಿಂತು ಅದನ್ನು ಓಡಿಸಿದೆ. ತೆರೆದು ನೋಡಿದರೆ ಅವತ್ತಿನ ಒಂದೇ ಸಾಲು! ಜೂನ್ ತಿಂಗಳ ಲೆಕ್ಕವೆಲ್ಲ ಹೋಯ್ತು ಅಂತ ಎದೆ ಧಸಕ್ಕೆಂದಿತು. ಲೆಕ್ಕ ಹೋಗಿರಲಿಲ್ಲ, ಹಳೇ ಜಾಗದಲ್ಲೇ ಇತ್ತು. ಈ ಫೋಲ್ಡರಿನಲ್ಲಿ ಅದೇ ಹೆಸರಿನ ಹೊಸ ಫೈಲು ಹುಟ್ಟಿತ್ತು, ಅಷ್ಟೇ.

‘ಇಲ್ಲಿಂದ ಎರಡನೇ ಮನೆ’ ಎಂದರೆ ನಿಂತ ಜಾಗ ಬದಲಾದಂತೆ ಮನೆಯೂ ಬದಲಾಗುತ್ತದೆ ಅಲ್ವಾ? ಹಾಗೇ ಇದು. ಆದ್ದರಿಂದ ಪ್ರೋಗ್ರಾಂ ಇರುವ ಜಾಗದಿಂದಲೇ ದಾರಿ ಹಿಡಿಯಿರಿ:

ಪಾಥ್(__ಫೈಲ್__).ರಿಸಾಲ್ವ್().ಪೇರೆಂಟ್ / "ಮಳೆ.ಟಿಎಕ್ಸ್‌ಟಿ"

ಬರೆಯುವ ಮೊದಲು ‘.ಎಕ್ಸಿಸ್ಟ್ಸ್()’ ಎಂದು ಕೇಳಿ, ಫೈಲು ಇದೆಯೋ ಇಲ್ಲವೋ ತಿಳಿಯುತ್ತದೆ. ಫೈಲನ್ನು ‘ಡಬ್ಲ್ಯು’ ಎಂದು ತೆರೆದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ, ‘ಎ’ ಎಂದರೆ ಕೊನೆಗೆ ಸೇರುತ್ತದೆ. ಇದನ್ನು ಮರೆಯಬೇಡಿ.

ಯೋಚಿಸಿ: ಪಾಥ್("ಶಾಲೆ") / "ನೀರು" ಇದರ ‘.ಪೇರೆಂಟ್’ ಯಾವುದು? ಹೇಳಿ ನೋಡೋಣ!